ಗೌಡ್ರ ಶೇವಿಂಗ್ ಸೆಟ್ಟು

ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇದೆ. ಅದರೊಳಗೆ ಇರುವುದೆಲ್ಲ ಗಡ್ಡ ಹೆರೆಯುವ ಹಳೇ ಸೆಟ್ಟುಗಳು. ನೋಡಿದವರು ಮೊದಲು ನಗುತ್ತಾರೆ. ಆಮೇಲೆ, ‘ಇಷ್ಟೊಂದು ಯಾಕೆ ಮಾರಾಯ, ಇರೋದು ಒಂದೇ ಮುಖ ಅಲ್ವ?’ ಎಂದು ಕೇಳುತ್ತಾರೆ. ಹಿಂದೆಲ್ಲ ಈ ಪ್ರಶ್ನೆ ಸಿಕ್ಕರೆ ಸಾಕು, ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ಈಗ ‘ಹುಚ್ಚು’ ಎಂದಷ್ಟೇ ಹೇಳಿ ಬಾಗಿಲು ಎಳೆಯುತ್ತೇನೆ. ಬೀರುವಿನಲ್ಲಿ ಇರುವ ಸೆಟ್ಟುಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಅದರಲ್ಲಿ ಇಲ್ಲದ ಒಂದರ ಬಗ್ಗೆ ಹೇಳಬೇಕು. ಅದು ಈಗ ಯಾವ ಹಳ್ಳದ ತಳದಲ್ಲಿದೆಯೋ ನಾನು ಕೇಳಿಲ್ಲ, ಕೇಳುವ ಮುಖವೂ ನನಗಿಲ್ಲ.

ನನ್ನದು ಮೂಡಿಗೆರೆಯಲ್ಲಿ ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವ ಅಂಗಡಿ. ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಉಳಿದ ತಿಂಗಳುಗಳಲ್ಲಿ ನೊಣ ಹೊಡೆಯುವುದೇ ಕೆಲಸ. ಹಾಗೆ ನೊಣ ಹೊಡೆಯುತ್ತಿದ್ದ ಕಾಲದಲ್ಲೇ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಈ ಹುಚ್ಚು ಹತ್ತಿತು. ಬಾಳೂರು ಕಡೆಯ ಎಸ್ಟೇಟೊಂದರ ಹಳೇ ಬಂಗಲೆಗೆ ನೀರಿನ ಪಂಪು ನೋಡಲು ಹೋಗಿದ್ದೆ. ಬಚ್ಚಲಿನ ಹಿಂದೆ ಗುಡಿಸಿಟ್ಟ ಕಸದಲ್ಲಿ ಕಿಲುಬು ಹಿಡಿದ ಹಿತ್ತಾಳೆ ವಸ್ತುವೊಂದು ಕಂಡಿತು. ಪಂಪಿನ ನಾಝಲ್ ಇರಬೇಕೆಂದು ಎತ್ತಿ ಜೇಬಿಗೆ ಹಾಕಿಕೊಂಡೆ. ಹಿತ್ತಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಕಸುಬು ಅಂಥದ್ದು.

ಮನೆಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಿಡಿಯ ತುದಿಯನ್ನು ತಿರುಗಿಸಿದರೆ ತಲೆಯ ಮೇಲಿನ ಎರಡು ರೆಕ್ಕೆಗಳು ಕಿಟಕಿಯ ಬಾಗಿಲಿನ ಹಾಗೆ ಮೆಲ್ಲಗೆ ತೆರೆದುಕೊಂಡವು. ಒಳಗೆ ಬ್ಲೇಡು ಮಲಗುವ ಜಾಗ. ಎಲಾ ಇದರ! ಅಲ್ಲಿಯವರೆಗೆ ನಾನು ಬಳಸಿ ಬಿಸಾಡುವ ಪ್ಲಾಸ್ಟಿಕ್ ರೇಜರಿನಲ್ಲಿ ಕೆನ್ನೆ ಕೆರೆದುಕೊಳ್ಳುತ್ತಿದ್ದವನು. ಮಾರನೇ ದಿನ ಇದಕ್ಕೆ ಹೊಸ ಬ್ಲೇಡು ಹಾಕಿ, ಸೋಪಿನ ನೊರೆ ಎಬ್ಬಿಸಿ, ಕೆನ್ನೆಗೆ ಇಟ್ಟೆ. ಒತ್ತುವುದೇ ಬೇಡ. ಅದರ ಭಾರಕ್ಕೆ ಅದೇ ಇಳಿಯುತ್ತದೆ, ಕರಕರ ಎಂದು ಮೆಲ್ಲಗೆ ಸದ್ದು ಮಾಡುತ್ತ. ಹಿಡಿಯನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಆಯಿತು. ಮುಖ ತೊಳೆದು ಪಟಿಕದ ಕಲ್ಲು ಸವರಿಕೊಂಡಾಗ ಎಲ್ಲೂ ಉರಿಯಲಿಲ್ಲ. ಆ ದಿನ ಅಂಗಡಿಗೆ ಬಂದವರಿಗೆಲ್ಲ ಕೆನ್ನೆ ಮುಟ್ಟಿ ನೋಡಿ ಎಂದು ಹೇಳಿ ನಗೆಪಾಟಲಾದೆ.

ಅಲ್ಲಿಂದ ಶುರುವಾಯಿತು. ಎಲ್ಲ ಮನೆಗಳಲ್ಲೂ ಜನ ಪ್ಲಾಸ್ಟಿಕ್ ರೇಜರಿಗೆ ಬದಲಾಗುತ್ತಿದ್ದ ಕಾಲವದು. ಪಂಪು ನೋಡಲು ಯಾವ ತೋಟಕ್ಕೆ ಹೋದರೂ ಜೇಬಿನಲ್ಲಿ ಪ್ಲಾಸ್ಟಿಕ್ ರೇಜರಿನ ಹೊಸ ಪ್ಯಾಕೆಟ್ಟು ಇಟ್ಟುಕೊಂಡು ಹೋಗುತ್ತಿದ್ದೆ. ‘ಹಳೇ ಸೆಟ್ಟಿದ್ರೆ ಕೊಡಿ, ಇದು ತಗೊಳ್ಳಿ’ ಎಂದರೆ ಜನ ಖುಷಿಯಿಂದ ಕೊಡುತ್ತಿದ್ದರು. ನನಗೆ ತಲೆ ಸರಿಯಿಲ್ಲವೆಂದು ಅವರಿಗೆ ಕನಿಕರ, ಮೋಸ ಹೋದದ್ದು ಅವರೇ ಎಂದು ನನಗೆ ಒಳಗೊಳಗೇ ನಗು.

ಹೀಗೆ ಸಿಗುವುದು ನಿಂತ ಮೇಲೆ ಇನ್ನೊಂದು ದಾರಿ ಹಿಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸತ್ತವರ ಶೇವಿಂಗ್ ಸೆಟ್ಟನ್ನು ಇಟ್ಟುಕೊಳ್ಳುವುದಿಲ್ಲ. ತಿಥಿ ಮುಗಿದ ಮೇಲೆ ಹಳ್ಳಕ್ಕೆ ಬಿಡುತ್ತಾರೆ, ಇಲ್ಲವೇ ತಲೆ ಬೋಳಿಸಲು ಬಂದವರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅದಕ್ಕೆ ಮುಂಚೆ ನಾನು ಹಾಜರಾಗತೊಡಗಿದೆ. ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಬಂತೆಂದರೆ ನನಗೆ ಮೊದಲು ಬರುತ್ತಿದ್ದ ಯೋಚನೆ ಅವರು ಯಾವುದರಲ್ಲಿ ಗಡ್ಡ ಹೆರೆಯುತ್ತಿದ್ದರು ಎಂಬುದು. ಪೇಟೆಯಲ್ಲಿ ನನಗೆ ‘ತಿಥಿ ಕಾಗೆ’ ಎಂದು ಹೆಸರು ಬಿತ್ತು. ಕ್ಯಾಂಟೀನಿಗೆ ಹೋದರೆ, ‘ಏನ್ ಮಾರಾಯ, ಇವತ್ತು ಯಾರ್ ಮನೆ?’ ಎಂದು ಕೇಳುವರು. ನಾನೂ ನಗುತ್ತಿದ್ದೆ. ನನ್ನ ಹೆಂಡತಿ ಮಾತ್ರ ನಗುತ್ತಿರಲಿಲ್ಲ. ‘ಸತ್ತೋರ್ ಗಡ್ಡ ಹೆರ್ದಿದ್ದನ್ನ ಮುಖಕ್ಕೆ ಇಟ್ಕೊಳ್ತೀರಲ್ರೀ, ಥೂ’ ಎನ್ನುತ್ತ ಬಚ್ಚಲಿನಲ್ಲಿ ನನ್ನ ಸಾಮಾನಿಗೆಲ್ಲ ಬೇರೆ ಗೂಡು ಮಾಡಿಕೊಟ್ಟಿದ್ದಳು.

ಬಾಳೂರಿನಿಂದ ಸ್ವಲ್ಪ ಮೇಲೆ ಸಣ್ಣ ತೋಟವಿದ್ದ ಒಬ್ಬ ಗೌಡ್ರಿದ್ದರು. ಅವರ ಪಂಪು ನನ್ನದೇ ಕೈಯಲ್ಲಿ ಎಷ್ಟು ಸಲ ಬಿಚ್ಚಿ ಕೂಡಿಸಿಕೊಂಡಿತ್ತೋ. ಎಪ್ಪತ್ತು ದಾಟಿದ ವಯಸ್ಸು. ಬೆಳಿಗ್ಗೆ ಆಳುಗಳು ಬರುವ ಮೊದಲು ಜಗಲಿಯ ಕಿಟಕಿ ಸರಳಿಗೆ ಕನ್ನಡಿ ಸಿಕ್ಕಿಸಿ, ಕುತ್ತಿಗೆಗೆ ಟವಲ್ಲು ಹೊದ್ದು ಗಡ್ಡ ಹೆರೆಯುವುದು ಅವರ ಪದ್ಧತಿ. ‘ಮುಖ ನೆಟ್ಟಗಿಲ್ದೆ ಅಂಗಳಕ್ಕೆ ಇಳೀಬಾರ್ದು ಮಾರಾಯ. ಕಂಡೋರು ಏನಂತಾರೆ?’ ಎನ್ನುತ್ತಿದ್ದರು. ಅವರ ಸೆಟ್ಟು ಮದುವೆಯಲ್ಲಿ ಮಾವ ಕೊಟ್ಟದ್ದು. ಬೆಳ್ಳಿಯ ನೀರು ಕುಡಿಸಿದ್ದು, ಹಿಡಿಯ ಮೇಲೆ ಸಣ್ಣ ಬಳ್ಳಿಯ ಕೆತ್ತನೆ, ಒಳಗೆ ನೀಲಿ ಮಕಮಲ್ ಹಾಸಿದ ಪೆಟ್ಟಿಗೆ. ಅಂಥದ್ದು ನಾನು ಬೇರೆಲ್ಲೂ ನೋಡಿಲ್ಲ. ಎಷ್ಟೋ ಸಲ ಗೋಗರೆದಿದ್ದೆ.

‘ನಾನ್ ಹೋದ್ಮೇಲೆ ಬಂದು ತಗೊಂಡ್ ಹೋಗು. ಇರೋವಾಗ ಕೊಡಲ್ಲ’ ಎಂದು ಅವರು ನಗುವರು.

‘ಅಯ್ಯೋ, ಬಿಡ್ತು ಅನ್ನಿ ಗೌಡ್ರೆ’ ಎನ್ನುತ್ತಿದ್ದೆ ನಾನು. ಆದರೆ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ವರ್ಷ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಗೌಡ್ರಿಗೆ ಲಕ್ವ ಹೊಡೆದು ಮಂಗಳೂರಿಗೆ ಕರೆದುಕೊಂಡು ಹೋಗಿದ್ದಾರೆ ಎಂದು ಗೊತ್ತಾಯಿತು. ನೋಡಲು ಹೋಗಬೇಕು, ಹೋಗಬೇಕು ಅಂದುಕೊಂಡೆ. ಹೋಗಲಿಲ್ಲ. ಇದಾಗಿ ಕೆಲವು ವಾರಕ್ಕೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಅವರ ಮಗ ಕಂಡ. ಜನ ತುಂಬಿದ ಜೀಪಿನ ಹಿಂದೆ ನಿಂತಿದ್ದ, ಜೀಪು ಆಗಲೇ ಹೊರಟಿತ್ತು. ನನ್ನನ್ನು ನೋಡಿ ತಲೆ ಆಡಿಸಿದ. ತಲೆ ನುಣ್ಣಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವನು ಅಷ್ಟು ಜಂಬದಿಂದ ಬೆಳೆಸಿದ್ದ ಮೀಸೆ ಇರಲಿಲ್ಲ. ಅಪ್ಪ ಬದುಕಿರುವಾಗ ಮೀಸೆ ತೆಗೆಯುವವರು ನಮ್ಮ ಕಡೆ ಇಲ್ಲ. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ನಿಜ ಹೇಳುತ್ತೇನೆ, ‘ಅಯ್ಯೋ, ಹೋಗಿಬಿಟ್ರಾ’ ಅನ್ನಿಸಿದ್ದು ಹೌದು. ಆದರೆ ಅದರ ಬೆನ್ನಿಗೇ, ತಲೆ ಬೋಳಿಸಿಕೊಂಡು ಪೇಟೆಗೂ ಬಂದಿದ್ದಾನೆಂದರೆ ತಿಥಿ ಮುಗಿದಿರಬೇಕು, ಸೆಟ್ಟನ್ನು ಹಳ್ಳಕ್ಕೆ ಬಿಟ್ಟಿದ್ದರೆ ಗತಿಯೇನು ಎಂದು ಚಿಂತೆ ಹತ್ತಿತು. ಥೂ ನನ್ನ ಜನ್ಮಕ್ಕೆ.

ಮಾರನೇ ಬೆಳಿಗ್ಗೆ ಮೊದಲ ಜೀಪಿಗೇ ಹೊರಟೆ. ಕಾಯಿಲೆಯವರ ಮನೆಗಾದರೆ ಕಿತ್ತಳೆಯೋ ಬ್ರೆಡ್ಡೋ ಹಿಡಿದುಕೊಂಡು ಹೋಗುತ್ತೇವೆ. ಸಾವಿನ ಮನೆಗೆ ಬರಿಗೈಲಿ ಹೋಗಬೇಕು. ಬರಿಗೈಲೇ ಹೋದೆ. ಜೇಬಿನಲ್ಲಿ ಮಾತ್ರ ಅಭ್ಯಾಸದಂತೆ ಪ್ಲಾಸ್ಟಿಕ್ ರೇಜರಿನ ಪ್ಯಾಕೆಟ್ಟು ಇತ್ತು.

ಅಂಗಳದಲ್ಲಿ ಗೌಡ್ರ ಹೆಂಡತಿ ಕಾಳುಮೆಣಸು ಹರವುತ್ತಿದ್ದರು. ಅವರನ್ನು ನಾನು ಅಮ್ಮ ಎಂದೇ ಕರೆಯುವುದು. ಸಾವಿನ ಮನೆಯಲ್ಲಿ ಮುಖ ನೋಡಿ ಮಾತಾಡುವುದು ಕಷ್ಟ. ಕಾಳುಮೆಣಸನ್ನೇ ನೋಡುತ್ತ, ‘ನಂಗೆ ಸುದ್ದೀನೇ ಗೊತ್ತಾಗ್ಲಿಲ್ಲಮ್ಮ. ನಿನ್ನೆ ನಿಮ್ಮ ಮಗನ್ನ ನೋಡಿದ್ಮೇಲೇ ತಿಳಿದಿದ್ದು’ ಎಂದೆ.

‘ಯಾರ್ಗೂ ಹೇಳೋ ಪರಿಸ್ಥಿತಿ ಇರ್ಲಿಲ್ಲ ಬಿಡಿ’ ಎಂದರು ಅಮ್ಮ.

‘ಅಂಥ ಮನುಷ್ಯರು ಸಿಗಲ್ಲಮ್ಮ.’ ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಇರಲಿಲ್ಲ. ‘ಗೌಡ್ರು ಅವ್ರ ಸೆಟ್ಟು ನಂಗೇ ಅಂತ ಹೇಳಿದ್ರು. ಅದನ್ನ ಹಳ್ಳಕ್ಕೆ ಬಿಟ್ಬಿಟ್ರಾ?’ ಎಂದು ಕೇಳಿಯೇಬಿಟ್ಟೆ.

ಕಾಳುಮೆಣಸಿನ ಮೇಲೆ ಓಡಾಡುತ್ತಿದ್ದ ಕೈ ನಿಂತಿತು. ಆ ಕೈಯಲ್ಲಿ ಬಳೆಗಳಿದ್ದವು. ತಲೆ ಎತ್ತಿ ನೋಡಿದೆ. ಹಣೆಯಲ್ಲಿ ಕಾಸಗಲ ಕುಂಕುಮ. ಅಮ್ಮ ನನ್ನ ಮುಖ ನೋಡಿದರು, ಆಮೇಲೆ ನನ್ನ ಜೇಬಿನಿಂದ ಇಣುಕುತ್ತಿದ್ದ ಪ್ಯಾಕೆಟ್ಟು ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಪ್ಯಾಕೆಟ್ಟನ್ನು ಜೇಬಿನ ಒಳಕ್ಕೆ ತುರುಕಿದೆ.

ಒಳಗಿನಿಂದ ತೊದಲುವ ದನಿ ಬಂತು. ‘ಅವನ್ನ ಒಳಗೆ ಕಳ್ಸು. ಇನ್ನೂ ಇದೀನಿ ಅಂತ ತೋರ್ಸು.’

ಗೌಡ್ರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ನಾನು ಅಂಗಳದಲ್ಲಿ ಆಡಿದ್ದೆಲ್ಲ ಆ ಕಿಟಕಿಗೆ ಕೇಳಿತ್ತು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಮುಖದ ತುಂಬ ಬಿಳಿ ಗಡ್ಡ. ಅವರನ್ನು ಗಡ್ಡದಲ್ಲಿ ನೋಡಿದ್ದು ಅದೇ ಮೊದಲು. ಕಾಲು ಹಿಡಿಯಲು ಬಗ್ಗಿದೆ.

‘ಒಂದ್ ಸ್ವಲ್ಪ ಬೇಗ ಬಂದ್ಯಲ್ಲ ಮಾರಾಯ’ ಎಂದರು.

ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅಪ್ಪ ಉಳಿದರೆ ಮುಡಿ ಕೊಡುತ್ತೇನೆ, ಮೀಸೆಯನ್ನೂ ಕೊಡುತ್ತೇನೆ ಎಂದು ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದನಂತೆ. ಅಪ್ಪ ಮನೆಗೆ ಬಂದ ಕೂಡಲೇ ಘಟ್ಟ ಇಳಿದು ಒಪ್ಪಿಸಿ ಬಂದಿದ್ದ. ಅಪ್ಪ ಬದುಕಿದ್ದಕ್ಕೆ ಅವನು ಕೊಟ್ಟ ಮೀಸೆಯನ್ನು ನೋಡಿ ನಾನು ಅಪ್ಪನನ್ನು ಸಾಯಿಸಿದ್ದೆ. ಅವನು ನನ್ನನ್ನು ನೋಡಿ ಬೇರೆ ಕಡೆ ತಿರುಗಿಕೊಂಡ.

‘ಬಂದಿದೀಯಲ್ಲ, ಹೆರಿ’ ಎಂದರು ಗೌಡ್ರು. ‘ಇವನು ಪ್ಲಾಸ್ಟಿಕ್‌ದು ತಂದು ಕೆರ್ದು ರಕ್ತ ಮಾಡ್ದ. ಇನ್ಮೇಲೆ ಅದನ್ನ ಮುಖಕ್ಕೆ ತಾಗ್ಸಕ್ಕೆ ಬಿಡಲ್ಲ. ಹಿಂಗೇ ಕೂತ್ರೆ ಆಳುಗಳೆಲ್ಲ ನೋಡ್ತಾರೆ. ಮಾನ ಹೋಗ್ತದೆ.’

ಅಮ್ಮ ಹಂಡೆಯಿಂದ ಬಿಸಿನೀರು ತಂದಿಟ್ಟರು, ನೀಲಿ ಮಕಮಲ್ಲಿನ ಪೆಟ್ಟಿಗೆಯನ್ನೂ ತಂದಿಟ್ಟರು. ಅಷ್ಟು ವರ್ಷ ಆಸೆಪಟ್ಟ ಸೆಟ್ಟು ಕೈಗೆ ಬಂದಿತ್ತು, ನೋಡುವ ಧೈರ್ಯವಿರಲಿಲ್ಲ. ಬಿಸಿ ಬಟ್ಟೆ ಒತ್ತಿ, ನೊರೆ ಹಚ್ಚಿ, ಸೋತ ಕೆನ್ನೆಯ ಕಡೆಯಿಂದ ಶುರು ಮಾಡಿದೆ. ಚರ್ಮ ಜೋತು ಬ್ಲೇಡಿಗೆ ಸಿಗುತ್ತಿರಲಿಲ್ಲ. ಗೌಡ್ರು ಮೊದಲಿನ ಹಾಗೆ ಕೆನ್ನೆ ಉಬ್ಬಿಸಲು ಹೋದರು. ಗಾಳಿ ಬಾಯಿಯ ಓರೆಯಿಂದ ಪುಸ್ಸೆಂದು ಹೊರಟುಹೋಯಿತು. ಇನ್ನೊಮ್ಮೆ ಉಬ್ಬಿಸಿದರು, ಮತ್ತೆ ಪುಸ್ಸೆಂದಿತು. ಅವರಿಗೇ ನಗು ಬಂತು. ನಾನು ಎಡಗೈಯಲ್ಲಿ ಚರ್ಮ ಎಳೆದು ಹಿಡಿದೆ. ಬಲಗೈ ಗಡಗಡ ನಡುಗುತ್ತಿತ್ತು.

‘ಯಾಕೆ ನಡುಗ್ತೀಯ? ಹೆಣ ಆಗಿದ್ರೆ ನಡುಗ್ತಿರ್ಲಿಲ್ಲ ಅಲ್ವ?’ ಎಂದರು ಗೌಡ್ರು, ಕಣ್ಣು ಮುಚ್ಚಿಕೊಂಡೇ.

ಎರಡು ಕಡೆ ಗಾಯವಾಯಿತು. ಪಟಿಕ ಒತ್ತಿದೆ. ಕನ್ನಡಿ ಹಿಡಿದು ತೋರಿಸಿದಾಗ ಗೌಡ್ರು ತುಂಬ ಹೊತ್ತು ನೋಡಿಕೊಂಡರು. ‘ಈಗ ನಾನು ನಾನಾದೆ’ ಎಂದರು. ಆಮೇಲೆ ಪೆಟ್ಟಿಗೆ ನನಗೆ ಕೊಡುವಂತೆ ಅಮ್ಮನಿಗೆ ಕಣ್ಣಲ್ಲೇ ಹೇಳಿದರು.

‘ಬೇಡ ಗೌಡ್ರೆ. ನಿಮ್ಮ ದಮ್ಮಯ್ಯ, ಬೇಡ.’

‘ತಗೊಳೋ. ಇದು ಇಲ್ಲಿದ್ರೆ ನೀನು ಈ ಕಡೆ ತಲೆ ಹಾಕಲ್ಲ, ನಾಚ್ಕೆ ಪಟ್ಕೊಂಡು ಕೂತಿರ್ತೀಯ. ನಿನ್ ಹತ್ರ ಇದ್ರೆ ಬರ್ಲೇಬೇಕು. ಭಾನುವಾರ ಬಾ.’

ತಲೆ ತಗ್ಗಿಸಿಕೊಂಡು ಪೆಟ್ಟಿಗೆ ಹಿಡಿದು ಅಂಗಳಕ್ಕೆ ಇಳಿದೆ. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನಬಾರದಲ್ಲ, ಬೆಳಿಗ್ಗೆಯಿಂದ ಅದೇ ತಲೆಯಲ್ಲಿತ್ತೋ ಏನೋ, ಬಾಯಿಗೆ ಮಾತೇ ಬರಲಿಲ್ಲ. ಕಿಟಕಿಯಿಂದ ಗೌಡ್ರು ಕೂಗಿದರು, ‘ಬರ್ತೀನಿ ಅಂತ ಹೇಳಿ ಹೋಗೋ! ಬದುಕಿರೋರ ಮನೆ ಇದು!’

ಈ ಕಥೆ ನನಗಿಂತ ಮೊದಲೇ ಮೂಡಿಗೆರೆ ಮುಟ್ಟಿತು. ಗೌಡ್ರೇ ಫೋನು ಕಿವಿಗೆ ಹಿಡಿಸಿಕೊಂಡು ನೆಂಟರಿಗೆಲ್ಲ ತೊದಲುತ್ತ ಹೇಳಿ ನಕ್ಕಿದ್ದರಂತೆ. ಕ್ಯಾಂಟೀನಿನಲ್ಲಿ, ‘ಜೀವ ಹೋಗೋವರ್ಗೂ ಕಾಯಕ್ಕಾಗ್ಲಿಲ್ವಾ?’ ಎಂದು ಕೇಳಿದರು. ಈ ಸಲ ನಗಲು ಆಗಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಹೆಂಡತಿ ಮಾತ್ರ, ‘ಒಳ್ಳೇದೇ ಆಯ್ತು. ಇನ್ನಾದ್ರೂ ಬದುಕಿರೋರ್ಗೆ ಉಪಯೋಗ ಆಗ್ಲಿ’ ಎಂದಳು.

ಭಾನುವಾರ ಹೋದೆ. ಕಿತ್ತಳೆ ಒಯ್ದೆ. ಮುಂದಿನ ಭಾನುವಾರವೂ ಹೋದೆ. ನನ್ನ ಕೈ ಪಳಗಿತು, ಅಮ್ಮ ಮತ್ತೆ ಮಾತಾಡಿಸತೊಡಗಿದರು, ಮಗನ ಮೀಸೆಯ ಚಿಗುರು ಕಾಣಿಸಿಕೊಂಡಿತು. ನಾನು ಹೋಗುವಷ್ಟರಲ್ಲಿ ಗೌಡ್ರು ಟವಲ್ಲು ಹೊದ್ದು ರಸ್ತೆಯ ಕಡೆ ಮುಖ ಮಾಡಿ ಜಗಲಿಯಲ್ಲಿ ಕೂತಿರುತ್ತಿದ್ದರು. ಗಡ್ಡ ಹೆರೆಯುತ್ತ ಹೆರೆಯುತ್ತ ನನ್ನ ಮರ್ಯಾದೆಯೂ ಅಷ್ಟಷ್ಟಾಗಿ ವಾಪಸು ಬರುತ್ತಿದೆ ಎಂದು ನನಗೆ ಅನ್ನಿಸಿತ್ತು. ಗೌಡ್ರು ಅದನ್ನೇ ಬಯಸಿದ್ದರು ಎಂದು ಈಗ ಅರ್ಥವಾಗುತ್ತದೆ.

ಮಳೆಗಾಲ ಶುರುವಾಗುವ ಮೊದಲು ಬೋರ್ಡೋ ಹೊಡೆದು ಮುಗಿಸಬೇಕು. ಊರಿನ ಪಂಪುಗಳೆಲ್ಲ ಒಟ್ಟಿಗೇ ಕೆಡುವುದು ಆಗಲೇ. ಒಂದು ಭಾನುವಾರ ಅಂಗಡಿ ಬಿಡಲಾಗಲಿಲ್ಲ. ಮರು ಭಾನುವಾರ ಕೆಲಸ ಅಷ್ಟಿರಲಿಲ್ಲ, ಆದರೂ ಸುಸ್ತಾಗಿದೆ ಎಂದು ಮಲಗಿದೆ. ಅದರ ಮುಂದಿನ ಭಾನುವಾರ ಹೊರಟೇ ಇದ್ದೆ. ಅಷ್ಟರಲ್ಲಿ ಅತ್ತಿಗುಂಡಿಯಿಂದ ಫೋನು. ನನ್ನಂಥದೇ ಹುಚ್ಚಿನ ಒಬ್ಬರು, ಅಲ್ಲಿನ ಹಳೇ ಬಂಗಲೆಯಲ್ಲಿ ಒಂದು ಟ್ರಂಕಿನ ತುಂಬ ಸೆಟ್ಟು ಸಿಕ್ಕಿದೆ, ಇವತ್ತೇ ಬಂದರೆ ನೋಡಬಹುದು ಎಂದರು.

ಗೌಡ್ರ ಪೆಟ್ಟಿಗೆ ಚೀಲದಲ್ಲಿತ್ತು. ಬಾಳೂರಿಗೆ ಎಂದು ತುಂಬಿಸಿಕೊಂಡ ಅದೇ ಚೀಲ ಹಿಡಿದು ಅತ್ತಿಗುಂಡಿಯ ದಾರಿ ಹಿಡಿದೆ.

ಅಲ್ಲಿ ಟ್ರಂಕು ತೆರೆದು, ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ, ಊಟ ಮುಗಿಸಿ, ಕೊನೆಗೆ ನನ್ನ ಚೀಲದಿಂದ ನೀಲಿ ಮಕಮಲ್ಲಿನ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟೆ. ಅವರ ಕಣ್ಣು ಅರಳಿತು. ‘ಇದು ನಿಮ್ದಾ?’ ಎಂದು ಕೇಳಿದರು. ‘ಹೂಂ, ನಂದೇ’ ಎಂದೆ. ಬಾಯಿ ಬಿಟ್ಟು ಹಾಗೇ ಹೇಳಿದೆ.

ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಸಿಕ್ಕಳು. ‘ಬಾಳೂರು ಗೌಡ್ರ ಮಗ ಬಂದಿದ್ರು. ಗೌಡ್ರು ಎರಡ್ ದಿನದಿಂದ ಅನ್ನ ಬಿಟ್ಟಿದಾರಂತೆ. ನಿಮ್ಮನ್ನೇ ಕೇಳ್ತಿದಾರಂತೆ, ಕರ್ಕೊಂಡ್ ಹೋಗಕ್ಕೇ ಬಂದಿದ್ದು. ಅತ್ತಿಗುಂಡಿಗೆ ಹೋಗಿದಾರೆ ಅಂದೆ. ಸುಮ್ನೆ ವಾಪಸ್ ಹೋದ್ರು.’

‘ಬೆಳಿಗ್ಗೆ ಮೊದಲ್ನೇ ಜೀಪಿಗೇ ಹೋಗ್ತೀನಿ ಬಿಡು’ ಎಂದೆ.

ಮೊದಲ ಜೀಪಿನವನೇ ಸುದ್ದಿ ತಂದ.

ಬರಿಗೈಲಿ ಹೋಗಬೇಕಿತ್ತು. ಪೆಟ್ಟಿಗೆ ಹಿಡಿದು ಹೋದೆ. ಅಂಗಳದ ತುಂಬ ಜನ. ಮಾವಿನ ಮರದ ಕೆಳಗೆ ಮಗ ಕೂತಿದ್ದ, ಪಕ್ಕದಲ್ಲಿ ಕ್ಷೌರದವರು ತಮ್ಮ ಚೀಲ ಬಿಚ್ಚುತ್ತಿದ್ದರು. ಆಗಷ್ಟೇ ತುಂಬಿಕೊಂಡಿದ್ದ ಮೀಸೆ ಮತ್ತೆ ಹೋಗುವುದರಲ್ಲಿತ್ತು. ಅವನು ನನ್ನನ್ನು ನೋಡಿ ತಲೆ ಆಡಿಸಲಿಲ್ಲ.

ನಡುಮನೆಯಲ್ಲಿ ಗೌಡ್ರನ್ನು ಮಲಗಿಸಿದ್ದರು. ಮುಖದ ತುಂಬ ಬಿಳಿ ಗಡ್ಡ. ಸಾಯುವವರೆಗೂ ಬೇರೆ ರೇಜರನ್ನು ಮುಖಕ್ಕೆ ತಾಗಿಸಲು ಬಿಟ್ಟಿರಲಿಲ್ಲ. ಅಮ್ಮ ತಲೆಯ ಹತ್ತಿರ ಕೂತಿದ್ದರು. ನನ್ನನ್ನೂ ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನೂ ನೋಡಿದರು.

‘ಪ್ರತಿ ಭಾನುವಾರ ಬೆಳಿಗ್ಗೆ ಟವಲ್ ಹೊದ್ಕೊಂಡು ಜಗಲಿಯಲ್ಲಿ ಕೂತಿರೋರು’ ಎಂದರು. ಬೈಯುವ ದನಿಯಾಗಿರಲಿಲ್ಲ, ನಡೆದದ್ದನ್ನು ಹೇಳುವ ದನಿ. ‘ನೀರು ಆರೋಗ್ತದೆ, ಮತ್ತೆ ಕಾಯ್ಸು ಅನ್ನೋರು. ಮಧ್ಯಾಹ್ನದವರೆಗೂ ಕಾಯ್ಸಿ ಕಾಯ್ಸಿ ಇಡ್ತಿದ್ದೆ. ಬನ್ನಿ ಒಳಗೆ ಅಂದ್ರೆ, ಬರ್ತಾನೆ ಅವನು, ಬರ್ತೀನಿ ಅಂತ ಹೇಳಿ ಹೋಗಿದಾನಲ್ಲ ಅನ್ನೋರು.’

ತಪ್ಪಾಯ್ತು ಎನ್ನಲು ಬಾಯಿ ತೆರೆದೆ.

‘ಸ್ನಾನ ಮಾಡ್ಸೋಕ್ ಮುಂಚೆ ಹೆರೀರಿ’ ಎಂದರು ಅಮ್ಮ. ‘ಹಿಂಗೇ ಕಳಿಸ್ಬಾರ್ದು ಅವ್ರನ್ನ.’

ಸ್ನಾನಕ್ಕೆಂದು ಕಾಯಿಸಿದ ನೀರನ್ನೇ ಒಂದು ತಂಬಿಗೆಯಲ್ಲಿ ತಂದುಕೊಟ್ಟರು. ಬಿಸಿ ಬಟ್ಟೆ ಒತ್ತಿದೆ. ಬಟ್ಟೆ ಆರಿತೇ ಹೊರತು ಕೆನ್ನೆ ಬೆಚ್ಚಗಾಗಲಿಲ್ಲ. ನೊರೆ ಹಚ್ಚಿದೆ. ಎಡಗೈಯಲ್ಲಿ ಚರ್ಮ ಎಳೆದು ಹಿಡಿದು, ಸೋತ ಕೆನ್ನೆಯ ಕಡೆಯಿಂದಲೇ ಶುರು ಮಾಡಿದೆ. ಜನರೆಲ್ಲ ನೋಡುತ್ತಿದ್ದರು. ಎಲ್ಲೂ ಗಾಯವಾಗಲಿಲ್ಲ, ಎಲ್ಲೂ ಒಂದು ಕೂದಲು ಉಳಿಯಲಿಲ್ಲ. ಸೆಟ್ಟನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟು ಅಮ್ಮನ ಪಕ್ಕದಲ್ಲೇ ಬಿಟ್ಟೆ. ಗೌಡ್ರು ಅವತ್ತು ಹೇಳಿದ್ದು ಸರಿಯಾಗಿತ್ತು. ಈ ಸಲ ನನ್ನ ಕೈ ನಡುಗಲಿಲ್ಲ.